ತಟ್ಟೆ ಇಡ್ಲಿ ಅಂಗಡಿಗೆ ಲೋಗೋ ಮಾಡಿಸಿ ಎರಡು ವರ್ಷ: ದುಡ್ಡು ದಂಡ ಆಯ್ತಾ?

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ತಟ್ಟೆ ಇಡ್ಲಿ ಅಂಗಡಿ. ನಾಲ್ಕು ಟೇಬಲ್ಲು, ಹೊರಗೆ ನಿಂತು ತಿನ್ನೋಕೆ ಒಂದು ಕಟ್ಟೆ, ಅಷ್ಟೇ. 2024ರಲ್ಲಿ ಬೋರ್ಡಿನ ಮೇಲೆ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅನ್ನೋ ಕಾನೂನು ಬಂತಲ್ಲ, ಹೇಗಿದ್ದರೂ ಬೋರ್ಡು ಬದಲಾಯಿಸಬೇಕು, ಒಂದೇ ಸಲ ಎಲ್ಲ ನೆಟ್ಟಗೆ ಮಾಡಿಸಿಬಿಡೋಣ ಅಂತ ಬೆಂಗಳೂರಿನ ಒಂದು ಪುಟ್ಟ ಡಿಸೈನ್ ಸ್ಟುಡಿಯೋಗೆ ಕೆಲಸ ಕೊಟ್ಟೆವು. ಹೆಸರು ಬೇಡ, ಕೆಳಗೆ ಬೈಗುಳವೂ ಇದೆ.

ಡಿಸೈನಿಗೆ ಮಾತ್ರ 38,000 ರೂಪಾಯಿ. ಬೋರ್ಡು, ಪ್ರಿಂಟು ಎಲ್ಲ ಬೇರೆ. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೊದಲ ಚಿತ್ರ ಬಂದಾಗ ಅಪ್ಪನಿಗೇ ಗೆಲುವು. ಕಣ್ಣು, ಮೂಗು, ಬಾಯಿ ಇರೋ ದುಂಡು ದುಂಡು ಪುಟ್ಟ ಇಡ್ಲಿಗಳು. "ಇದು ಬೇರೆ ಹೋಟ್ಲು ಇಡ್ಲಿ ಕಣೋ, ನಮ್ದಲ್ಲ" ಅಂದರು. ಸರಿಯಾಗೇ ಹೇಳಿದರು. ತಟ್ಟೆ ಇಡ್ಲಿ ಹೇಗಿರುತ್ತೆ ಅಂತ ನೋಡದೇ ಬರೆದಿದ್ದರು. ಆಮೇಲೆ ಸ್ಟುಡಿಯೋದಲ್ಲಿ ಚಿತ್ರ ಬರೆಯೋ ಹುಡುಗಿ ಒಂದು ಬೆಳಗ್ಗೆ ಆರು ಗಂಟೆಗೇ ಬಂದು ಒಲೆ ಪಕ್ಕ ಕೂತಳು. ಸ್ಟ್ಯಾಂಡಿನಿಂದ ತಟ್ಟೆ ಎಳೆಯೋದು, ಅಂಚಿಗೆ ಚಮಚ ಹಾಕಿ ಎಬ್ಬಿಸೋದು, ಬಿಸಿ ಇಡ್ಲಿ ಮೇಲೆ ಬೆಣ್ಣೆ ಇಡೋದು, ಎಲ್ಲ ಬರೆದುಕೊಂಡಳು. ಕೊನೆಗೆ ಬಂದ ಲೋಗೋ ಇಷ್ಟೇ: ಒಂದು ಚಪ್ಪಟೆ ವೃತ್ತ, ಮೇಲೆ ಒಂದು ಉಂಡೆ ಬೆಣ್ಣೆ, ಅದು ಕರಗಿ ಇಳಿದ ಗೆರೆ ನಗುವಿನ ಹಾಗೆ ಬಾಗಿದೆ. ಕಣ್ಣು ಮೂಗು ಏನಿಲ್ಲ. ಬಣ್ಣ ನಮ್ಮ ಕೆಂಪು ಗಾರೆ ನೆಲದ್ದು. ಈಗಲೂ ಮಕ್ಕಳು ಪಾರ್ಸಲ್ ಕವರ್ ನೋಡಿ "ನಗ್ತಾ ಇರೋ ಇಡ್ಲಿ" ಅಂತಾರೆ. ಈ ಒಂದಕ್ಕೆ ಪೂರ್ತಿ ಮಾರ್ಕು.

ಇನ್ನು ಬೈಗುಳ. ಬೋರ್ಡಿಗೆ ಒಂದು ಗುಂಡನೆಯ ಕನ್ನಡ ಫಾಂಟ್ ಹಾಕಿದ್ದರು, ಕಂಪ್ಯೂಟರಿನಲ್ಲಿ ಚಂದವೇ ಇತ್ತು. ಸ್ಟಿಕರ್ ಪ್ರಿಂಟಾಗಿ ಬಂದಾಗ ನೋಡಿದರೆ 'ತಟ್ಟೆ' ಹೋಗಿ 'ತಟ್‌ಟೆ', 'ಇಡ್ಲಿ' ಹೋಗಿ 'ಇಡ್‌ಲಿ'. ಒತ್ತಕ್ಷರವೆಲ್ಲ ಕಿತ್ತುಹೋಗಿದೆ! ಪ್ರಿಂಟಿನವರು "ಫಾಂಟ್ ನಮ್ಮ ಹತ್ರ ಇಲ್ಲ ಸಾರ್, ಅವ್ರು ಕರ್ವ್ಸ್ ಮಾಡಿ ಕಳ್ಸಿಲ್ಲ" ಅಂತಾರೆ, ಸ್ಟುಡಿಯೋದವರು "ಅವರು ಕೇಳಬೇಕಿತ್ತು" ಅಂತಾರೆ, ನಡುವೆ 2,000 ಸ್ಟಿಕರ್ ನನ್ನ ತಲೆಗೆ. ಕರ್ವ್ಸ್ ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾಡಿಬಿಡೋದು, ಆಮೇಲೆ ಯಾವ ಕಂಪ್ಯೂಟರಲ್ಲೂ ಒತ್ತು ಜಾರಲ್ಲ. ಎರಡು ನಿಮಿಷದ ಕೆಲಸ.

ಮೆನು ಬೋರ್ಡೂ ಅಷ್ಟೇ. ರೇಟು ಸೇರಿಸಿ ಒಂದೇ ವಿನೈಲ್ ಹಾಳೆ. ಇಡ್ಲಿ ರೇಟು ಐದು ರೂಪಾಯಿ ಏರಿಸಿದ ದಿನ ಅದರ ಮೇಲೆ ಬಿಳಿ ಟೇಪು ಬಿತ್ತು, ಅಂದ ಎಲ್ಲ ಹೋಯ್ತು. ಈಗ ರೇಟಿನ ಜಾಗದಲ್ಲಿ ಕಪ್ಪು ಹಲಗೆ, ಸೀಮೆಸುಣ್ಣ. ಅದೇ ಚೆನ್ನಾಗಿದೆ. ಕಂದು ಕವರಿನ ಮೇಲೆ ಬೆಣ್ಣೆಯ ತಿಳಿ ಹಳದಿ ಕಾಣೋದೇ ಇಲ್ಲ, ಹಾಗಾಗಿ ಕವರಿಗೆ ಬರೀ ಕೆಂಪು. ಏಪ್ರನ್ನು ಒಗೆದೂ ಒಗೆದೂ ಲೋಗೋ ಮಾಸಿದೆ, ಅದು ಬಿಡಿ.

ಮಾಡಿಸೋರು ಒಂದು ಮಾತ್ರ ಮರೀಬೇಡಿ. ನಮಗೆ ಮೊದಲು ಕೊಟ್ಟಿದ್ದು ಲೋಗೋದ ಜೆಪಿಜಿ ಫೈಲು ಮಾತ್ರ. ದೊಡ್ಡ ಬೋರ್ಡಿಗೆ ಹಿಗ್ಗಿಸಿದರೆ ಒಡೆದುಹೋಗುತ್ತೆ. ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಫೈಲಿಗೆ ಮತ್ತೆ 5,000 ಕೇಳಿದರು. ಅದೂ ಅಲ್ಲದೆ ದುಡ್ಡು ಕೊಟ್ಟ ಮಾತ್ರಕ್ಕೆ ಚಿತ್ರದ ಕಾಪಿರೈಟ್ ನಮ್ಮದಾಗಲ್ಲ, ಬರಹದಲ್ಲಿ ಬರೆಸಿಕೊಳ್ಳಬೇಕು ಅಂತ ಟ್ರೇಡ್‌ಮಾರ್ಕಿಗೆ ಹೋದಾಗಲೇ ಗೊತ್ತಾಗಿದ್ದು. ಟ್ರೇಡ್‌ಮಾರ್ಕಿನಲ್ಲಿ ಒಂದೊಂದು ಬಗೆಯ ವ್ಯವಹಾರಕ್ಕೆ ಒಂದೊಂದು ಕ್ಲಾಸು, ಹೋಟೆಲಿಗೆ 43ನೇದು; ನಮ್ಮಂಥ ಸಣ್ಣವರಿಗೆ ಆನ್‌ಲೈನಿನಲ್ಲಿ 4,500 ರೂಪಾಯಿ ಫೀಸು, ಸಿಕ್ಕರೆ ಹತ್ತು ವರ್ಷ.

ವ್ಯಾಪಾರ ಜಾಸ್ತಿ ಆಯ್ತಾ ಅಂತ ಎಲ್ಲರೂ ಕೇಳ್ತಾರೆ. ಆಗಿದೆ, ಆದರೆ ಅದೇ ವರ್ಷ ಪಕ್ಕದಲ್ಲಿ ಕೋಚಿಂಗ್ ಸೆಂಟರೂ ಬಂತು. ಲೋಗೋದಿಂದ ಎಷ್ಟು, ಹುಡುಗರ ಹಸಿವಿನಿಂದ ಎಷ್ಟು ಅಂತ ಸುಮ್ನೆ ಹೇಗೆ ಹೇಳಲಿ? ಗುರುತು ಹಿಡಿಯೋದು ಮಾತ್ರ ನಿಜ. "ನಗೋ ಇಡ್ಲಿ ಅಂಗಡಿ ಎದುರಿಗೆ ಇಳಿಸಿ" ಅಂತ ಆಟೋದವರಿಗೆ ಹೇಳೋದನ್ನು ನಾನೇ ಕೇಳಿದ್ದೇನೆ.

ಐದಕ್ಕೆ ಮೂರೂವರೆ. ಈಗ ಚಟ್ನಿಪುಡಿ ಪ್ಯಾಕೆಟ್ಟು ಶುರು ಮಾಡ್ತಾ ಇದ್ದೇವೆ, ಅದನ್ನೂ ಅವರಿಗೇ ಕೊಟ್ಟಿದ್ದೇನೆ. ಈ ಸಲ ಅಡ್ವಾನ್ಸ್ ಕೊಡೋ ಮುಂಚೆ ಅಪ್ಪನೇ ಫೋನ್ ಮಾಡಿ ಕೇಳಿದರು: "ಕರ್ವ್ಸ್ ಮಾಡ್ತೀರಲ್ವಾ?"