ಗುಲ್ಮಾರ್ಗ್‌ನ ಸ್ಕೀ ರೆಸಾರ್ಟ್: ಸ್ಕೀ ಮಾಡದವರಿಗೆ ಹೇಗಿದೆ?

ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರ್ಕೊಂಡು ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಬಹುದಾ ಅಂತ ನಮ್ಮ ಶಿಡ್ಲಘಟ್ಟದಲ್ಲಿ ತುಂಬಾ ಜನ ಕೇಳಿದರು. ಹೋಗಬಹುದು. ಆದರೆ ರೆಸಾರ್ಟ್ ಆರಿಸುವಾಗ ಸ್ಕೀ (ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋದು) ಮಾಡುವವರಿಗಿಂತ ಮಾಡದವರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ಕೀ ಮಾಡುವ ಮಕ್ಕಳಿಗೆ ಇಡೀ ಬೆಟ್ಟ ಇದೆ. ಮಂಡಿನೋವಿರುವ ನಮ್ಮ ಅತ್ತೆಯಂಥವರಿಗೆ ಇರೋದು ಹೋಟೆಲ್ ಮಾತ್ರ.

ನಾವು ಉಳಿದದ್ದು ದುಬಾರಿ ಜಾಗದಲ್ಲಿ. ಫೆಬ್ರವರಿಯಲ್ಲಿ ಒಂದು ಕೋಣೆಗೆ ರಾತ್ರಿಗೆ ರೂ. 30,000 ದಾಟಿತು. ಬಾಡಿಗೆ ರೂ. 7,500 ಮೀರಿದರೆ 18% ಜಿಎಸ್‌ಟಿ ಬೀಳುತ್ತದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ. ಇಷ್ಟು ದುಡ್ಡು ಕೊಟ್ಟ ಮೇಲೂ ಅತ್ತೆ ಕೋಣೆಯಲ್ಲಿ ಸುಮ್ನೆ ಗೋಡೆ ನೋಡಿಕೊಂಡು ಕೂರಬೇಕಾದರೆ, ನನ್ನ ಪ್ರಕಾರ ಆ ರೆಸಾರ್ಟ್ ಫೇಲ್.

ಮೊದಲು ತಿಂಗಳ ವಿಷಯ. ನಮ್ಮ ಶಾಲೆಗಳಿಗೆ ರಜೆ ಇರೋದು ದಸರಾಕ್ಕೆ, ಇಲ್ಲ ಏಪ್ರಿಲ್-ಮೇನಲ್ಲಿ. ಎರಡೂ ಸ್ಕೀ ಕಾಲವಲ್ಲ. ಹಿಮ ಚೆನ್ನಾಗಿ ಕೂರೋದು ಜನವರಿ, ಫೆಬ್ರವರಿಯಲ್ಲಿ. ಅದೂ ಪ್ರತಿ ವರ್ಷ ಹಾಗೇ ಇರುತ್ತೆ ಅನ್ನೋ ಹಾಗಿಲ್ಲ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಒಣಗಿ ಕಂದು ಬಣ್ಣದಲ್ಲಿತ್ತು. ಅದಕ್ಕೇ ನಾವು ಫೆಬ್ರವರಿ ಆರಿಸಿ, ಶಾಲೆಗೆ ರಜಾ ಚೀಟಿ ಬರೆದುಕೊಟ್ಟು ಹೊರಟೆವು. ವಾರ್ಷಿಕ ಪರೀಕ್ಷೆ ಹತ್ತಿರ ಇತ್ತು, ಮಗಳು ವಿಮಾನದಲ್ಲೂ ಗಣಿತದ ಪುಸ್ತಕ ತೆರೆದಿದ್ದಳು. ಒಂದು ನೆನಪಿರಲಿ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲಿಲ್ಲ. ಪೋಸ್ಟ್‌ಪೇಯ್ಡ್ ಇದ್ದದ್ದು ನಮ್ಮ ಮನೆಯವರ ಫೋನ್ ಒಂದಕ್ಕೇ.

ಶ್ರೀನಗರದಿಂದ ತಂಗ್‌ಮಾರ್ಗ್‌ವರೆಗೆ ಮಾಮೂಲಿ ಕಾರು ಸಾಕು. ಅಲ್ಲಿಂದ ಮೇಲೆ ಸುಮಾರು 13 ಕಿ.ಮೀ. ತಿರುವಿನ ರಸ್ತೆ. ಹಿಮ ಬಿದ್ದಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು. ಓವರ್‌ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು ತಂಗ್‌ಮಾರ್ಗ್‌ನಲ್ಲೇ ಸಾಲಾಗಿವೆ. ಗಾಡಿ ನಿಂತ ಕೂಡಲೇ ಹತ್ತಾರು ಜನ ಸುತ್ತಿಕೊಳ್ಳುತ್ತಾರೆ. ಗಾಬರಿ ಬೇಡ, ನಿಧಾನವಾಗಿ ದರ ಕೇಳಿ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ರೆಸಾರ್ಟಿನ ಕೆಳಗಿನ ಹಾಲ್‌ನಲ್ಲಿ ಒಂದು ಕಡೆ ಪೂರ್ತಿ ಗಾಜು, ಅದರಾಚೆ ದೇವದಾರು ಮರಗಳು, ಮೂಲೆಯಲ್ಲಿ ಬುಖಾರಿ ಅನ್ನೋ ಸೌದೆ ಒಲೆ. ಬೆಳಿಗ್ಗೆ ಹತ್ತರ ಮೇಲೆ ಬಿಸಿಲು ನೇರ ಒಳಗೆ ಬರುತ್ತದೆ. ಅಲ್ಲಿ ಎತ್ತರದ ಬೆನ್ನಿನ ಕುರ್ಚಿ ಹಾಕಿಸಿ, ಕಾಲ ಕೆಳಗೆ ಮಣೆ ಇಟ್ಟುಕೊಟ್ಟರು. ಅದನ್ನು ನಾವು ಕೇಳಿರಲಿಲ್ಲ. ಅಲ್ಲಿ ಕೆಲಸ ಮಾಡುವ ವಯಸ್ಸಾದವರೊಬ್ಬರು ಅತ್ತೆ ಕೈ ಉಜ್ಜಿಕೊಳ್ಳೋದು ನೋಡಿ ಒಂದು ಕಾಂಗ್ರಿ ತಂದರು. ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ಇಲ್ಲಿನವರು ಅದನ್ನು ಫಿರನ್ ಅನ್ನೋ ಉದ್ದ ನಿಲುವಂಗಿಯ ಒಳಗೇ ಇಟ್ಟುಕೊಂಡು ಓಡಾಡುತ್ತಾರೆ.

ಅತ್ತೆಗೆ ಕೆಂಡದ ಬಿಸಿ ಹೊಸದಲ್ಲ. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಕೈ ಅದು. ಚಳಿಗಾಲದಲ್ಲಿ ಹುಳಮನೆ ತಣ್ಣಗಾದರೆ ಹುಳ ಸೊಪ್ಪು ತಿನ್ನೋದು ಕಡಿಮೆ ಮಾಡುತ್ತವೆ, ಜ್ವರಕ್ಕೆ ಹೋಗೋದು, ಅಂದರೆ ಪೊರೆ ಬಿಡೋದು, ತಡವಾಗುತ್ತದೆ. ಅದಕ್ಕೆ ನಮ್ಮ ಕಡೆ ಇದ್ದಿಲ ಒಲೆ ಇಟ್ಟು ಮನೆ ಬೆಚ್ಚಗೆ ಮಾಡುತ್ತಿದ್ದರು. ಅತ್ತೆ ಅದನ್ನೇ ಕಾಂಗ್ರಿ ತಂದವರಿಗೆ ಹೇಳಿದರು. ಯಾವ ಭಾಷೆಯಲ್ಲಿ ಅಂತೀರಾ? ಉರ್ದುವಿನಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್‌ಗಳ (ಗೂಡಿನಿಂದ ನೂಲು ತೆಗೆಯುವವರ) ಜೊತೆ ಅಷ್ಟು ವರ್ಷ ವ್ಯಾಪಾರ ಮಾಡಿದವರಿಗೆ ನಮ್ಮ ಕಡೆಯ ಉರ್ದು ಸರಾಗವಾಗಿ ಬರುತ್ತದೆ. ಅವರ ಹಳ್ಳಿಯಲ್ಲೂ ಹಿಪ್ಪುನೇರಳೆ ಮರ ಇವೆಯಂತೆ, ಚಳಿ ಮುಗಿದು ಮರ ಚಿಗುರಿದ ಮೇಲೆ ಹುಳ ಸಾಕುತ್ತಾರಂತೆ. ನಮ್ಮಲ್ಲಿ ಗಿಡ, ಅವರಲ್ಲಿ ಮರ. ನಮ್ಮಲ್ಲಿ ವರ್ಷವಿಡೀ ಬೆಳೆ, ಅವರಲ್ಲಿ ಮುಖ್ಯವಾಗಿ ವಸಂತದಲ್ಲಿ. ಹುಳ ಹಣ್ಣಾದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಅದನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಬಿಡೋದನ್ನು ಅತ್ತೆ ಕೈಯಲ್ಲೇ ಮಾಡಿ ತೋರಿಸುತ್ತಿದ್ದರು, ಅವರು ನಗುತ್ತಾ ತಲೆಯಾಡಿಸುತ್ತಿದ್ದರು. ಆಮೇಲೆ ಪ್ರತಿದಿನ ಹನ್ನೊಂದಕ್ಕೆ ಕಹ್ವಾ ಬರುತ್ತಿತ್ತು. ಕೇಸರಿ, ಏಲಕ್ಕಿ, ಚಕ್ಕೆ, ಮೇಲೆ ಬಾದಾಮಿ ಚೂರು. ಮಧ್ಯಾಹ್ನ ನಾವು ಒದ್ದೆಯಾಗಿ ಬಂದರೆ ಅತ್ತೆಯೇ ನಮಗೆ ಗುಲ್ಮಾರ್ಗ್‌ನ ಸುದ್ದಿ ಹೇಳುತ್ತಿದ್ದರು: ಇವತ್ತು ಮೇಲೆ ಗಾಳಿ ಜೋರಂತೆ, ನಾಳೆ ಹಿಮ ಬೀಳುತ್ತಂತೆ. ಈ ಒಂದು ವಿಷಯಕ್ಕೆ ನಾನು ಆ ರೆಸಾರ್ಟಿಗೆ ಪೂರ್ತಿ ಅಂಕ ಕೊಡುತ್ತೇನೆ.

ಮಕ್ಕಳ ಸ್ಕೀ ಪಾಠ ಅದ್ಭುತವಾಗಿತ್ತು. ಕಲಿಯುವವರಿಗೆ ಸರಿಯಾದ ಜಾಗ ಗುಲ್ಮಾರ್ಗ್‌ನ ಬಟ್ಟಲಿನಂಥ ಬಯಲು. ಬೇಸಿಗೆಯಲ್ಲಿ ಗಾಲ್ಫ್ ಆಡುವ ಜಾಗ ಅದು, ಚಳಿಗಾಲದಲ್ಲಿ ಸಣ್ಣ ಇಳಿಜಾರುಗಳ ಹಿಮದ ಮೈದಾನ. ಕಲಿಸಿದ ಹುಡುಗ ಮೊದಲು ಬೀಳೋದು ಹೇಗೆ, ಎದ್ದು ನಿಲ್ಲೋದು ಹೇಗೆ ಅಂತ ಹೇಳಿಕೊಟ್ಟ. ಪಕ್ಕಕ್ಕೆ ಬೀಳಬೇಕು, ಹಿಂದಕ್ಕೆ ಬೇಡ. ಆಮೇಲೆ ಹಲಗೆಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲ ಮಾಡಿ ಬ್ರೇಕ್ ಹಾಕೋದು. ಕೈಗೆ ಕೋಲು ಕೊಡಲೇ ಇಲ್ಲ. ಏಳು ವರ್ಷದ ಮಗ ಬೇಗ ಕಲಿತ. ಮಗಳಿಗೆ ಭಯ ಜಾಸ್ತಿ. ಅವಳು ಅತ್ತಾಗ ಆ ಹುಡುಗ ತಾನು ಅವಳ ಮುಂದೆ ಹಿಮ್ಮುಖವಾಗಿ ಜಾರುತ್ತಾ, "ನನ್ನ ಮುಖ ನೋಡು, ನೆಲ ನೋಡಬೇಡ" ಅಂತ ಕೈ ಹಿಡಿದು ಇಳಿಸಿದ. ಕೋಣೆಯಲ್ಲಿ ದುಡ್ಡು ಉಳಿಸಿ, ಕಲಿಸುವವರಿಗೆ ಖರ್ಚು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಬೂಟಿನ ವಿಷಯ ಯಾರೂ ಮುಂಚೆ ಹೇಳೋದಿಲ್ಲ. ಚಳಿ ಅಂತ ಎರಡೆರಡು ಸಾಕ್ಸ್ ಹಾಕಬೇಡಿ. ಕಾಲು ಬಿಗಿದು ರಕ್ತ ಓಡಾಡದೆ ಇನ್ನೂ ತಣ್ಣಗಾಗುತ್ತದೆ. ಮೊಣಕಾಲವರೆಗಿನ ಉಣ್ಣೆಯದು ಒಂದೇ ಸಾಕು. ಬಾಡಿಗೆಗೆ ಕೊಡುವವರು ಮಗುವಿನ ತೂಕ ಕೇಳಿಯೇ ಬೈಂಡಿಂಗ್ (ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ) ಸರಿಮಾಡಬೇಕು. ಬಿದ್ದಾಗ ಹಲಗೆ ಕಾಲಿನಿಂದ ಕಳಚಿಕೊಳ್ಳೋದು ಅದರಿಂದಲೇ. ಕೇಳದಿದ್ದರೆ ನೀವೇ ಹೇಳಿ. ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣವನ್ನು 80% ವರೆಗೂ ತಿರುಗಿ ಮುಖಕ್ಕೆ ಎರಚುತ್ತದೆ.

ಬೇಸರವಾದದ್ದೂ ಇದೆ, ಹೇಳಲೇಬೇಕು. ಇಷ್ಟು ದೊಡ್ಡ ರೆಸಾರ್ಟಿನ ಸ್ಕೀ ರೂಮಿನಲ್ಲಿ ಚಿಕ್ಕ ಮಕ್ಕಳ ಅಳತೆಯ ಹೆಲ್ಮೆಟ್ ಇರಲಿಲ್ಲ. ದೊಡ್ಡವರ ಹೆಲ್ಮೆಟ್ಟಿಗೆ ಟೋಪಿ ತುರುಕಿ ಕೊಡಲು ಬಂದರು. ನಾನು ಒಪ್ಪಲಿಲ್ಲ. ಕೊನೆಗೆ ಹೊರಗಿನ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು, ಬಾಡಿಗೆಯೂ ಕಮ್ಮಿ. ಮಕ್ಕಳ ಫೋಟೋ ಹಾಕಿ ಜಾಹೀರಾತು ಕೊಡುವವರು ಇದನ್ನು ಸರಿಮಾಡಲೇಬೇಕು. ಇನ್ನೊಂದು, ರಾತ್ರಿ ಊಟ ಶುರುವಾಗೋದೇ ಎಂಟಕ್ಕೆ. ಹಿಮದಲ್ಲಿ ಆಡಿದ ಮಕ್ಕಳು ಏಳಕ್ಕೇ ತೂಕಡಿಸುತ್ತಾರೆ. ನಾವು ಕೇಳಿದ ಮೇಲೆ ಅಡುಗೆಮನೆಯವರು ಬೇಗ ಮೊಸರನ್ನ ಕಳಿಸಿದರು, ಅದು ಅವರ ಒಳ್ಳೆಯತನ. ಕೋಣೆಯ ಹೀಟರ್‌ನಿಂದ ಗಾಳಿ ಒಣಗಿ ಮಗನ ಮೂಗಿನಲ್ಲಿ ರಕ್ತ ಬಂತು. ರಾತ್ರಿ ಒದ್ದೆ ಟವೆಲ್ ಹರವಿಟ್ಟ ಮೇಲೆ ಸರಿಹೋಯಿತು.

ಊಟಕ್ಕೆ ಭಯವಿಲ್ಲ. ಕಾಶ್ಮೀರಿಗಳು ಅನ್ನ ಉಣ್ಣುವವರು. ಹಾಕ್ ಅನ್ನೋ ಸೊಪ್ಪಿನ ತಿಳಿ ಸಾರು, ರಾಜ್ಮಾ, ತಾವರೆ ದಂಟನ್ನು ಮೊಸರಿನಲ್ಲಿ ಬೇಯಿಸಿದ ನದ್ರು ಯಖ್ನಿ, ಎಲ್ಲವೂ ಸಸ್ಯಾಹಾರ. ಶನಿವಾರ ಅತ್ತೆ ಮಾಂಸ ಮುಟ್ಟೋದಿಲ್ಲ. ಅವತ್ತು ಹಾಕ್ ಎರಡು ಸಲ ಹಾಕಿಸಿಕೊಂಡರು.

ಗೊಂಡೋಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರು, ಎರಡು ಹಂತ. 1998ರಲ್ಲಿ ಶುರುವಾದ ಮೊದಲನೆಯದು ಕೊಂಗ್‌ದೂರಿವರೆಗೆ, ಸುಮಾರು 3,000 ಮೀಟರ್ ಎತ್ತರಕ್ಕೆ. 2005ರಲ್ಲಿ ಬಂದ ಎರಡನೆಯದು ಅಫರ್ವಟ್ ಬೆಟ್ಟದ ಕಡೆಗೆ, 4,000 ಮೀಟರಿಗೆ ಹತ್ತಿರ. ನಮ್ಮ ನಂದಿಬೆಟ್ಟ 1,478 ಮೀಟರ್, ಅಂದಾಜು ಮಾಡಿಕೊಳ್ಳಿ. ಅತ್ತೆಯನ್ನು ಮೊದಲ ಹಂತಕ್ಕೆ ಕರೆದುಕೊಂಡು ಹೋದೆವು, ಅದೂ ಗುಲ್ಮಾರ್ಗ್‌ನಲ್ಲಿ ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡ ಮೇಲೆ. ಆರು ಜನ ಕೂರುವ ಕ್ಯಾಬಿನ್, ನಾವೈದು ಜನ ಆರಾಮಾಗಿ ಕೂತೆವು. ಎರಡನೇ ಹಂತಕ್ಕೆ ನಾನೇ ಬೇಡ ಅಂದೆ. ಬಿಪಿ ಮಾತ್ರೆ ತಗೊಳ್ಳುವವರನ್ನೂ ಪುಟ್ಟ ಮಕ್ಕಳನ್ನೂ ಅಷ್ಟು ಎತ್ತರಕ್ಕೆ ಒಯ್ಯೋದು ಬೇಡ. ಗಾಳಿ ಎದ್ದರೆ ಅದನ್ನು ನಿಲ್ಲಿಸಿಬಿಡುತ್ತಾರೆ ಕೂಡ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದಿಡಿ.

ಕೋಣೆ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ: ಲಿಫ್ಟ್ ಇದೆಯಾ, ಕರೆಂಟ್ ಹೋದರೆ ಹೀಟರ್ ಜನರೇಟರ್‌ನಲ್ಲಿ ನಡೆಯುತ್ತಾ, ಮಕ್ಕಳಿಗೆ ಏಳು ಗಂಟೆಗೆ ಊಟ ಕೊಡ್ತಾರಾ, ಹಗಲು ಹೊತ್ತು ಬಿಸಿಲು ಬೀಳುವ ಕಡೆ ಕೂರಲು ಜಾಗ ಇದೆಯಾ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಬೇರೆ ಕಡೆ ನೋಡಿ.