ಜಗಲಿ ಬೆಂಚಿಗೆ ಕಪ್ಪು ಜಿಪ್ಸಮ್ ಸ್ಕ್ರೂ ಹಾಕಬೇಡಿ

ಹೋದ ವರ್ಷ ಹುತ್ತರಿಯ (ನವೆಂಬರ್-ಡಿಸೆಂಬರ್ ಹೊತ್ತಿನ ನಮ್ಮ ಕೊಡಗಿನ ಸುಗ್ಗಿ ಹಬ್ಬ) ಮಾರನೇ ದಿನ ನಮ್ಮ ದೊಡ್ಡಮ್ಮ ಬೆಂಚಿನಿಂದ ಬಿದ್ದರು. ಆ ಬೆಂಚು ಮಾಡಿದ್ದು ನಾನೇ. ಕಾಫಿ ಲೋಟ ಹಿಡಿದು ಕೂತಿದ್ದರು. ಎಡಗಡೆಯ ಕಾಲು ಒಳಕ್ಕೆ ಮಡಚಿಕೊಂಡಿತು, ಅವರು ಪಕ್ಕಕ್ಕೆ ವಾಲಿ ಕೈಯೂರಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. 72 ವರ್ಷದವರಿಗೆ ಅದು ಸಣ್ಣ ಪೆಟ್ಟಲ್ಲ. ನನ್ನ ಹಾಗೆ ಮನೆಯಲ್ಲೇ ಮರದ ಕೆಲಸ ಮಾಡುವವರು ಈಗ ಊರಲ್ಲಿ ಜಾಸ್ತಿ ಆಗಿದ್ದಾರೆ. ಅವರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಬೆಂಚು ಮಾಡಿದ್ದು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆ ತಿಂಗಳಲ್ಲಿ. ಸೋಮವಾರಪೇಟೆ ಕಡೆ ಆಗ ಮಳೆ ಹೇಗೆ ಹಿಡಿಯುತ್ತದೆ ನಿಮಗೆ ಗೊತ್ತು, ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರವನ್ನು ಸೀಳಿಸಿ, 18 ಮಿ.ಮೀ. ದಪ್ಪಕ್ಕೆ ಹಲಗೆ ಮಾಡಿಸಿದ್ದೆ. ಕಾಲಿಗೆ ಹಳೆ ಮನೆಯ ಹೊನ್ನೆ ತೊಲೆಯ ತುಂಡು. ಪಾಕೆಟ್ ಹೋಲ್ ಜಿಗ್ ಹೊಸದಾಗಿ ತರಿಸಿದ್ದೆ. ಎರಡು ಮರ ಜೋಡಿಸಲು ಸ್ಕ್ರೂವಿಗೆ ಓರೆ ತೂತು ಕೊರೆಯಲು ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು ಅದು. ಅದರ ಸ್ಕ್ರೂ ಮಾತ್ರ ತರಿಸಿರಲಿಲ್ಲ. ಪೇಟೆಯ ಅಂಗಡಿಯಲ್ಲಿ ಕೇಳಿದಾಗ, "ಇದೂ ಅದೇ ಕೆಲಸ ಮಾಡುತ್ತೆ" ಅಂತ ಸೀಲಿಂಗ್‌ಗೆ ಹಾಕುವ ಕಪ್ಪು ಜಿಪ್ಸಮ್ ಸ್ಕ್ರೂ ಕೊಟ್ಟರು. 38 ಮಿ.ಮೀ. ಉದ್ದದ್ದು. ನಾನೂ ತಂದೆ.

ಅದೇ ಕೆಲಸ ಮಾಡುವುದಿಲ್ಲ. ಯಾಕೆ ಅಂತ ಬೆಂಚು ಬಿಚ್ಚಿದ ಮೇಲೆ ನನಗೆ ಅರ್ಥವಾಯಿತು.

ಈ ಜಿಗ್ಗಿನಲ್ಲಿ ತೂತು 15 ಡಿಗ್ರಿ ಓರೆಯಾಗಿ ಬರುತ್ತದೆ. ಕೊರೆಯುವ ಬಿಟ್ ಎರಡು ಅಳತೆಯದು. ಮೇಲೆ 9.5 ಮಿ.ಮೀ. ಅಗಲ, ತುದಿಯಲ್ಲಿ ಸಣ್ಣದು. ಎರಡೂ ಸೇರುವ ಕಡೆ ಮರದೊಳಗೆ ಒಂದು ಚಪ್ಪಟೆ ಮೆಟ್ಟಿಲು ಉಳಿಯುತ್ತದೆ. ಸ್ಕ್ರೂ ತಲೆ ಆ ಮೆಟ್ಟಿಲ ಮೇಲೆ ಕೂತು ಎರಡು ಮರವನ್ನೂ ಬಿಗಿಯಾಗಿ ಎಳೆದು ಹಿಡಿಯಬೇಕು. ಜೋಡಣೆಯ ಬಲವೆಲ್ಲ ಅಲ್ಲೇ ಇರುವುದು. ಅದಕ್ಕೇ ಪಾಕೆಟ್ ಸ್ಕ್ರೂವಿಗೆ ವಾಷರ್ ಥರ ಅಗಲವಾದ, ಅಡಿ ಚಪ್ಪಟೆಯಾದ ತಲೆ ಇರುತ್ತದೆ. ಜಿಪ್ಸಮ್ ಸ್ಕ್ರೂವಿನ ತಲೆ ಆಲಿಕೆಯಂತೆ ಕೆಳಗೆ ಚೂಪು. ಅದು ಮೆಟ್ಟಿಲ ಮೇಲೆ ಕೂರುವುದಿಲ್ಲ, ಬೆಣೆ ಹೊಡೆದ ಹಾಗೆ ಒಳಗೆ ಇಳಿದು ಮರವನ್ನು ಸೀಳುತ್ತದೆ. ಅದರ ಉಕ್ಕೂ ಗಡುಸು. ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ.

ಉದ್ದ ಪಟ್ಟಿಗಳನ್ನು ಕಾಲಿಗೆ ಹಿಡಿದಿದ್ದ ಎಂಟು ಸ್ಕ್ರೂಗಳಲ್ಲಿ ಮೂರು ಹೊನ್ನೆಯೊಳಗೇ ತುಂಡಾಗಿದ್ದವು. ಮೂರರ ತಲೆಯ ಸುತ್ತ ಸಿಲ್ವರ್ ಓಕ್ ಎಳೆಯುದ್ದಕ್ಕೆ ಸೀಳಿತ್ತು. ಉಳಿದ ಎರಡು ಬೆರಳಲ್ಲಿ ತಿರುಗಿಸಿದರೆ ಸುಮ್ನೆ ತಿರುಗುತ್ತಿದ್ದವು. ಎಲ್ಲಕ್ಕೂ ತುಕ್ಕು ಹಿಡಿದಿತ್ತು. ಆ ಕಪ್ಪು ಲೇಪ ನಮ್ಮ ಮಳೆಗಾಲದ ತೇವಕ್ಕೆ ತಡೆಯುವುದಿಲ್ಲ. ಹೊರಗಿಂದ ನೋಡಿದರೆ ಮಾತ್ರ ಕೂದಲೆಳೆಯಷ್ಟೂ ಸಂದು ಇರಲಿಲ್ಲ. ನನಗೆ ಈಗಲೂ ಭಯ ಹುಟ್ಟಿಸುವುದು ಅದೇ.

ತಪ್ಪು ಅಂಗಡಿಯವರದ್ದು ಮಾತ್ರ ಅಲ್ಲ. ಡ್ರಿಲ್ ಸೆಟ್ಟಿಂಗ್ ನಾನು ಪೂರ್ತಿ ಉಲ್ಟಾ ಇಟ್ಟಿದ್ದೆ. ತೂತು ಕೊರೆಯುವಾಗ 1ನೇ ಸ್ಪೀಡ್ (ನಿಧಾನದ್ದು), ಸ್ಕ್ರೂ ಹಾಕುವಾಗ 2ನೇ ಸ್ಪೀಡ್ (ಜೋರಿನದ್ದು). ಸ್ಕ್ರೂ ಬಿಗಿಯಾದ ಮೇಲೆ ತಿರುಗುವುದನ್ನು ತಡೆಯುವ ಕ್ಲಚ್‌ನ ರಿಂಗನ್ನು ಡ್ರಿಲ್ ಗುರುತಿನಲ್ಲೇ ಬಿಟ್ಟಿದ್ದೆ. ಆ ಗುರುತಿನಲ್ಲಿ ಕ್ಲಚ್ ಕೆಲಸವೇ ಮಾಡುವುದಿಲ್ಲ, ಸ್ಕ್ರೂ ಕೂತ ಮೇಲೂ ಮೋಟಾರು ತಿರುಗಿಸುತ್ತಲೇ ಇರುತ್ತದೆ. ಹೊನ್ನೆಯಲ್ಲಿ ಸ್ಕ್ರೂಗಳಿಗೆ ಏಟು ಬಿದ್ದದ್ದು ಆಗಲೇ ಇರಬೇಕು.

ಕೊರೆಯುವಾಗ 2ನೇ ಸ್ಪೀಡ್ ಇರಲಿ, ಡ್ರಿಲ್ ಗುರುತಿನಲ್ಲೇ ಇರಲಿ. ಬಿಟ್ ಪೂರ್ತಿ ವೇಗ ಹಿಡಿದ ಮೇಲೆ ಮರಕ್ಕೆ ತಾಗಿಸಿ, ನಡುವೆ ಒಂದೆರಡು ಸಲ ಹೊರಗೆಳೆದು ಹೊಟ್ಟು ತೆಗೆಯಿರಿ. ಸ್ಕ್ರೂ ಹಾಕುವಾಗ 1ನೇ ಸ್ಪೀಡಿಗೆ ಇಳಿಸಿ. ಕ್ಲಚ್ಚನ್ನು ಸಣ್ಣ ನಂಬರಿನಿಂದ ಶುರುಮಾಡಿ, ಅದೇ ಮರದ ಎರಡು ಚೂರು ಜೋಡಿಸಿ ನೋಡುತ್ತಾ ಒಂದೊಂದೇ ಏರಿಸಿ. ತಲೆ ಮೆಟ್ಟಿಲಿಗೆ ಕೂತ ತಕ್ಷಣ ಕಟಕಟ ಅಂದರೆ ಅದೇ ನಿಮ್ಮ ನಂಬರ್. ಒಬ್ಬೊಬ್ಬರ ಡ್ರಿಲ್ಲಿಗೂ ಒಂದೊಂದು, ಇನ್ನೊಬ್ಬರ ನಂಬರ್ ಕೇಳಬೇಡಿ. ಮರ ಬದಲಾದರೆ ಮತ್ತೆ ನೋಡಬೇಕು.

ತೂತಿನ ಆಳ ನಿಲ್ಲಿಸಲು ಬಿಟ್ ಮೇಲೆ ಬಿಗಿಯುವ ಬಳೆ, ಅಂದರೆ ಕಾಲರ್ ಕೂಡ ಹಲಗೆಯ ದಪ್ಪಕ್ಕೆ ಸರಿಯಾಗಿರಬೇಕು. ಬಿಟ್ಟಿನ ತುದಿ ಜಿಗ್ಗಿನ ತಳಕ್ಕೆ ಸುಮಾರು 3 ಮಿ.ಮೀ. ಮೇಲೆ ನಿಲ್ಲಬೇಕು. ಆಳ ಹೆಚ್ಚಿದರೆ ಗಟ್ಟಿ ಅಂತ ನಾನು ಸ್ವಲ್ಪ ಇಳಿಸಿದ್ದೆ. ಅದರಿಂದ ತಲೆಯ ಕೆಳಗೆ ಉಳಿಯುವ ಮರವೇ ಕಡಿಮೆಯಾಯಿತು.

ಉದ್ದ ಹೀಗೆ: 12 ಮಿ.ಮೀ. ಹಲಗೆಗೆ 25 ಮಿ.ಮೀ. ಸ್ಕ್ರೂ, 18-19ಕ್ಕೆ 32, 38ಕ್ಕೆ 63. ನನ್ನ 38 ಮಿ.ಮೀ. ಸ್ಕ್ರೂ ದಪ್ಪ ಕಾಲಿನಲ್ಲಿ ಕಾಣಲಿಲ್ಲ, ಬೆನ್ನಿನ ಪಟ್ಟಿಯಲ್ಲಿ ತುದಿ ಹೊರಗೆ ಇಣುಕಿತು. ಅಲ್ಲೇ ನಿಲ್ಲಿಸಬೇಕಿತ್ತು, ಅರದಿಂದ ಉಜ್ಜಿ ಮುಂದುವರಿಸಿದೆ. ಥ್ರೆಡ್ (ಸ್ಕ್ರೂ ಸುತ್ತಿನ ಸುರುಳಿ ಅಂಚು) ಆರಿಸುವಾಗ ಸ್ಕ್ರೂವಿನ ತುದಿ ಯಾವ ಮರಕ್ಕೆ ಕಚ್ಚುತ್ತದೆ ಅಂತ ನೋಡಿ. ಹೊನ್ನೆ, ಬೀಟೆಯಂಥ ಗಟ್ಟಿ ಮರಕ್ಕೆ ಸಣ್ಣ ಒತ್ತು ಥ್ರೆಡ್. ಪ್ಲೈವುಡ್, ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ), ಮೆತ್ತನೆ ಮರಕ್ಕೆ ಅಗಲ ಥ್ರೆಡ್. ಸಿಲ್ವರ್ ಓಕ್‌ಗೆ ನಾನೀಗ ಅಗಲದ್ದೇ ಹಾಕುತ್ತೇನೆ, ಚೆನ್ನಾಗಿ ಹಿಡಿದಿದೆ.

ಇನ್ನೊಂದು, ಮರ ಹಸಿ ಇತ್ತು. ಕಕ್ಕಡದಲ್ಲಿ ಬಿಗಿಯಾಗಿದ್ದದ್ದು ಹುತ್ತರಿ ಹೊತ್ತಿಗೆ ಒಣಗಿ ಕುಗ್ಗಿತು, ಸೋತಿದ್ದ ಸ್ಕ್ರೂಗಳು ಆಗ ಬಿಟ್ಟವು. ನಮ್ಮ ಆಚಾರಿ ನೋಡಿ ಇನ್ನೂ ಒಂದು ಮಾತು ಹೇಳಿದರು. ಜನ ಕೂರುವ ಬೆಂಚಿನ ಕಾಲನ್ನು ಬರೀ ಸ್ಕ್ರೂ ಮೇಲೆ ಬಿಡಬಾರದು, ಒಳಮೂಲೆಗೆ ಮರದ ತುಂಡು ಕೊಡಬೇಕು. ಈಗ ಹಾಗೇ ಮಾಡಿದ್ದೇನೆ.

ಈಗಾಗಲೇ ಇಂಥ ಬೆಂಚು ಮಾಡಿಟ್ಟವರು ದಯವಿಟ್ಟು ಇವತ್ತೇ ಅದನ್ನು ಮಗುಚಿ ಒಂದು ಸ್ಕ್ರೂ ಬಿಚ್ಚಿ ನೋಡಿ. ತಲೆ ಆಲಿಕೆಯಂತಿದ್ದರೆ ಯಾರನ್ನೂ ಅದರ ಮೇಲೆ ಕೂರಿಸಬೇಡಿ. ಒಂದೊಂದಾಗಿ ಬದಲಿಸಿ. ಸೀಳಿದ ಹಳೆ ತೂತಿಗೇ ಹೊಸ ಸ್ಕ್ರೂ ತುರುಕದೆ, ಪಕ್ಕದಲ್ಲಿ ಗಟ್ಟಿ ಮರ ಇರುವ ಕಡೆ ಹೊಸದಾಗಿ ಕೊರೆಯಿರಿ. ಜಗಲಿಗೆ ಮಳೆ ಎರಚಲು ಹೊಡೆಯುತ್ತಿದ್ದರೆ ಸ್ಟೇನ್‌ಲೆಸ್ ಪಾಕೆಟ್ ಸ್ಕ್ರೂ ತರಿಸಿಕೊಳ್ಳಿ.