ಸೆಕೆಂಡ್ ಹ್ಯಾಂಡ್ ಫಿಶ್ ಟ್ಯಾಂಕ್ ತಗೊಳ್ಳುವ ಮುಂಚೆ ಮೂಲೆ ಕೆರೆದು ನೋಡಿ

ಗಾಜುಗಳನ್ನು ಜೋಡಿಸುವ ಅಂಟಾದ ಸಿಲಿಕಾನ್ ಹಳೆಯದಾಗಿದ್ದರೂ ಅದರ ಮೇಲೆಯೇ ಹೊಸದನ್ನು ಬಳಿದು "ರೀಸೀಲ್ ಆಗಿದೆ" ಅಂತ ಟ್ಯಾಂಕ್ ಮಾರುವವರಿದ್ದಾರೆ. ಮುಂಬಯಿ ಕಡೆ ಇರುವ ನಮ್ಮವರು ದಯವಿಟ್ಟು ಹುಷಾರಾಗಿರಿ.

ನಾವಿರುವುದು ಡೊಂಬಿವಲಿಯಲ್ಲಿ, ಎರಡನೇ ಮಹಡಿ. ಮಗಳು ಆಸೆಪಟ್ಟಳು ಅಂತ ಮೂರಡಿ ಉದ್ದದ ಹಳೇ ಟ್ಯಾಂಕ್ ತಂದೆವು. "ಪೂರಾ ನಯಾ ಸಿಲಿಕಾನ್ ಹೈ, ಬಿಂದಾಸ್ ಪಾನಿ ಭರೋ" (ಪೂರ್ತಿ ಹೊಸ ಸಿಲಿಕಾನ್, ಧೈರ್ಯವಾಗಿ ನೀರು ತುಂಬಿ) ಅಂದಿದ್ದ ಮಾರಿದವನು. ಅವನ ಎದುರಿಗೇ ನೀರು ತುಂಬಿಸಿ ಒಂದು ಗಂಟೆ ಕಾದೆವು. ಒಂದು ಹನಿಯೂ ಸೋರಲಿಲ್ಲ.

ಆ ವಾರವೇ ಒಂದು ರಾತ್ರಿ ಹಿಂದಿನ ಮೂಲೆ ಬಿಟ್ಟುಕೊಂಡಿತು. ಟ್ಯಾಂಕ್ ಒಂದಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದ್ರೆ ಸುಮಾರು 125 ಲೀಟರ್ ನೀರು, ಅಷ್ಟೇ ಕೆ.ಜಿ. ಭಾರ. ಬೆಳಿಗ್ಗೆ ಕೆಳಗಿನ ಮನೆಯ ಕಾಕು ಬಾಗಿಲು ಬಡಿದಾಗಲೇ ನಮಗೆ ಗೊತ್ತಾಗಿದ್ದು. ಅವರ ಪಿಒಪಿ ಸೀಲಿಂಗ್ ರಿಪೇರಿಗೆ ಟ್ಯಾಂಕಿನ ಬೆಲೆಗಿಂತ ಜಾಸ್ತಿ ಹೋಯಿತು. ಮಾರಿದವನು ಫೋನ್ ಎತ್ತುವುದನ್ನೇ ಬಿಟ್ಟ. ತಳದಲ್ಲಿ ಉಳಿದಿದ್ದ ನೀರಲ್ಲಿ ಗಪ್ಪಿ ಮೀನುಗಳು ಬದುಕಿದ್ದವು, ಅದೊಂದೇ ಸಮಾಧಾನ.

ಆಮೇಲೆ ಆ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಹೊಸ ಸಿಲಿಕಾನ್ ಹಾಲಿನ ಕೆನೆಯ ಹಾಗೆ ಉದ್ದಕ್ಕೂ ಎದ್ದು ಬಂತು. ಅದರಡಿ ಹಳದಿ ತಿರುಗಿದ, ಪಾಚಿ ಹಿಡಿದ ಹಳೇ ಸಿಲಿಕಾನ್ ಹಾಗೇ ಕೂತಿತ್ತು. ಸಿಲಿಕಾನ್ ಗಾಜನ್ನು ಗಟ್ಟಿಯಾಗಿ ಕಚ್ಚುತ್ತದೆ. ಆದರೆ ಒಣಗಿದ ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಅಂಟುವುದಿಲ್ಲ. ಆ ಸಂದಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ.

ಸರಿಯಾದ ಕೆಲಸ ಅಂದ್ರೆ ಒಳಗಿನ ಎಲ್ಲಾ ಅಂಚುಗಳಿಂದ ಹಳೆಯದನ್ನು ಬ್ಲೇಡ್‌ನಲ್ಲಿ ಪೂರ್ತಿ ಕೆರೆದು ತೆಗೆಯಬೇಕು. ಸೋರುವ ಮೂಲೆ ಒಂದನ್ನೇ ಅಲ್ಲ. ಆಮೇಲೆ ಗಾಜನ್ನು ಸ್ಪಿರಿಟ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಇಲ್ಲಿನ ಮಳೆಗಾಲದಲ್ಲಿ ಗಾಜಿನ ಮೇಲೆ ತೇವ ಕೂತಿರುತ್ತದೆ, ಅವಸರ ಮಾಡಬಾರದು. ಹಚ್ಚಿದ ಸಿಲಿಕಾನ್ ಮೇಲ್ಭಾಗದಲ್ಲಿ ಬೇಗ ಒಣಗಿದಂತೆ ಕಂಡರೂ ಒಳಗೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಅಷ್ಟೇ ಗಟ್ಟಿಯಾಗುವುದು. ಒಣಗುವಾಗ ಬರುವ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಡಿ, ಒಂದು ವಾರ ಬಿಟ್ಟರೆ ಒಳ್ಳೆಯದು. ಎರಡು ಗಾಜುಗಳ ನಡುವಿನ ಪದರದಲ್ಲೇ ಗುಳ್ಳೆಗಳು ಕಂಡರೆ ಒಳಗೆ ಬಳಿದು ಪ್ರಯೋಜನವಿಲ್ಲ. ಟ್ಯಾಂಕನ್ನು ಅಷ್ಟೂ ಬಿಚ್ಚಿ ಜೋಡಿಸಬೇಕಾಗುತ್ತದೆ. ಅಂಥದ್ದನ್ನು ತಗೊಳ್ಳಲೇಬೇಡಿ.

ಇನ್ನೊಂದು ಮಾತು. ಯಾವ ಸಿಲಿಕಾನ್ ಹಾಕಿದ್ದಾರೆ ಅಂತ ಟ್ಯೂಬ್ ತೋರಿಸಲು ಹೇಳಿ. ಬಾತ್‌ರೂಮಿಗೆ ಬಳಸುವ, ಬೂಸ್ಟು ಹಿಡಿಯದ ಸಿಲಿಕಾನ್‌ನಲ್ಲಿ ಮೀನಿಗೆ ವಿಷವಾಗುವ ಔಷಧಿ ಇರುತ್ತದೆ.

ಒಂದು ಗಂಟೆಯ ಪರೀಕ್ಷೆ ನಂಬಬೇಡಿ. ಬಾಲ್ಕನಿಯಲ್ಲಿ ಸಮತಟ್ಟಾದ ಜಾಗದಲ್ಲಿ ಥರ್ಮಾಕೋಲ್ ಹಾಸಿ, ಮೇಲಿನವರೆಗೆ ನೀರು ತುಂಬಿ ಎರಡು ಮೂರು ದಿನ ಬಿಡಿ. ಈಗಾಗಲೇ ಇಂಥ ಟ್ಯಾಂಕ್ ಮನೆಯಲ್ಲಿದ್ದರೆ ಇವತ್ತೇ ಒಳಗಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ. ಪದರ ಎದ್ದರೆ ಮೀನುಗಳನ್ನು ಅದೇ ನೀರಿನ ಜೊತೆ ಬಕೆಟ್‌ಗೆ ಹಾಕಿ, ಅದರಲ್ಲಿ ಏರ್ ಪಂಪ್ ಓಡಿಸಿ, ಮಲಗುವ ಮುಂಚೆ ಟ್ಯಾಂಕ್ ಖಾಲಿ ಮಾಡಿಬಿಡಿ.